ಟೋಚನ್ ಗಾಡಿಯ ಎರಡನೇ ಎಂಜಿನ್

ಛತ್ರಪತಿ ಸಂಭಾಜಿನಗರದಿಂದ ಧುಳೆಗೆ ಹೋಗುವ ಹೆದ್ದಾರಿಯಲ್ಲಿ ಕನ್ನಡ್ ಎಂಬ ಊರು ಸಿಗುತ್ತದೆ. ಹೆಸರು ಕೇಳಿ ನಮ್ಮವರ ಕಿವಿ ನಿಮಿರಬಹುದು. ಲಾರಿಗಾರರಿಗೆ ಮಾತ್ರ ಆ ಹೆಸರಿನ ಜೊತೆ ನೆನಪಾಗುವುದು ಘಾಟಿ. ಊರು ದಾಟಿ ಸ್ವಲ್ಪ ದೂರಕ್ಕೆ ಪ್ರಸ್ಥಭೂಮಿ ಮುಗಿದು ರಸ್ತೆ ಖಾನ್‌ದೇಶದ ಬಯಲಿಗೆ ಇಳಿಯುತ್ತದೆ. ಬ್ರಿಟಿಷರು ಔಟ್ರಮ್ ಘಾಟ್ ಎಂದು ಕರೆದದ್ದು ಇದನ್ನೇ. ಪಶ್ಚಿಮದಲ್ಲಿ, ಮುಂಬಯಿಯಿಂದ ನಾಸಿಕಕ್ಕೆ ಏರುವ ಕಸಾರಾ ಘಾಟಿಯದೂ ಇಂಥದೇ ಕಥೆ. ಲೋಡು ತುಂಬಿದ ಲಾರಿ ಇಂಥ ಏರಿನ ತಿರುವಿನಲ್ಲಿ ನಿಂತುಬಿಟ್ಟರೆ ಹಿಂದೆ ಮೈಲುದ್ದದ ಸಾಲು ಬೆಳೆಯುತ್ತದೆ. ಅದನ್ನು ಎಳೆದೊಯ್ಯುವ ಕೆಲಸಕ್ಕೆ ಹಿಂದಿ, ಮರಾಠಿ ಡ್ರೈವರುಗಳ ಬಾಯಲ್ಲಿ ಟೋಚನ್ ಎಂಬ ಹೆಸರಿದೆ; ಟೋ ಚೈನ್ ಎಂಬ ಇಂಗ್ಲಿಷ್ ಮಾತು ಡಾಂಬರಿನ ಮೇಲೆ ಉಜ್ಜಿ ಉಜ್ಜಿ ಸವೆದು ಆದ ಪದ. ಈ ಕೆಲಸಕ್ಕೆಂದು ಹೊಸ ಲಾರಿ ಕೊಳ್ಳುವವರು ಕಡಿಮೆ. ಹತ್ತಿಪ್ಪತ್ತು ವರ್ಷ ಸರಕು ಹೊತ್ತು ದಣಿದ ಲಾರಿಯ ತೊಟ್ಟಿ ಬಿಚ್ಚಿ, ಹಿಂದೆ ಕ್ರೇನು ಕೂರಿಸುತ್ತಾರೆ. ಷಾಸಿ ಇನ್ನೂ ಗಟ್ಟಿ, ಆಕ್ಸಲ್ ಗಟ್ಟಿ, ಎಂಜಿನ್ ಮಾತ್ರ ಮುಗಿದಿರುತ್ತದೆ. ಆಗ ಹುಟ್ಟುವ ಪ್ರಶ್ನೆಗೆ, ಯಾವ ಎಂಜಿನ್ ಕೂರಿಸುವುದು ಎಂಬುದಕ್ಕೆ, ಈ ಎರಡು ಘಾಟಿಗಳ ರಸ್ತೆಗಳ ಮೇಲೆ ಒಂದು ಚರಿತ್ರೆಯೇ ಇದೆ. ಆ ಚರಿತ್ರೆಯನ್ನು ಓದಿದರೆ ಆಯ್ಕೆಯನ್ನು ಅಶ್ವಶಕ್ತಿಯ ಅಂಕಿ ಮಾಡಿದ್ದು ಅಪರೂಪ ಎಂದು ಕಾಣುತ್ತದೆ. ಪಂಪು ಎಲ್ಲಿ ರಿಪೇರಿ ಆಗುತ್ತದೆ, ನಾಝಲ್ ಯಾವ ಊರಿನಲ್ಲಿ ಸಿಗುತ್ತದೆ, ಪಿಸ್ಟನ್ ಎಷ್ಟು ದಿನಕ್ಕೆ ಬರುತ್ತದೆ ಎಂಬ ಭೂಪಟವೇ ಎಂಜಿನ್ನನ್ನು ಆರಿಸಿತು. ಇದನ್ನು ಬಡವರ ಜುಗಾಡು ಎಂದು ನಕ್ಕು ಮುಂದೆ ಹೋಗುವುದು ವಾಡಿಕೆ. ಅದು ಲೆಕ್ಕಾಚಾರವಾಗಿತ್ತು, ಅದೂ ಬಹುಮಟ್ಟಿಗೆ ಸರಿಯಾದ ಲೆಕ್ಕಾಚಾರ ಎನ್ನುವುದು ನನ್ನ ವಾದ.

ಮೊದಲು ಎಳೆಯುವುದೆಂದರೇನು ಎಂದು ನೋಡಬೇಕು. 15 ಟನ್ ತೂಕದ ಕೆಟ್ಟ ಲಾರಿಯನ್ನು 8 ಟನ್ನಿನ ಟೋಚನ್ ಗಾಡಿ 20ಕ್ಕೆ 1ರ ಏರಿನಲ್ಲಿ ಎಳೆಯುತ್ತಿದೆ ಎನ್ನೋಣ. ಒಟ್ಟು 23 ಟನ್. ಏರಿನ ಪಾಲಿಗೆ 1,150 ಕಿಲೋ, ಚಕ್ರ ಉರುಳುವುದಕ್ಕೆ ಇನ್ನೊಂದು 350 ಕಿಲೋ, ಹೆಚ್ಚುಕಡಿಮೆ 1,500 ಕಿಲೋ ಸೆಳೆತ ಬೇಕು. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಇದಕ್ಕೆ ಚಕ್ರದ ಹತ್ತಿರ ಬೇಕಾಗುವುದು 55 ಅಶ್ವಶಕ್ತಿ ಮಾತ್ರ. 20 ಕಿಲೋಮೀಟರ್ ಬೇಕೆಂದರೆ 110. ಅಂದರೆ ಹೆಚ್ಚಿನ ಅಶ್ವಶಕ್ತಿಗೆ ಕೊಟ್ಟ ದುಡ್ಡು ವೇಗವನ್ನು ಕೊಳ್ಳುತ್ತದೆ, ಎಳೆತವನ್ನಲ್ಲ. ಎಳೆತ ಬರುವುದು ಎಂಜಿನ್ ನಿಧಾನವಾಗಿ ತಿರುಗುವಾಗ ಅದರಲ್ಲಿರುವ ತಿರುಚುಬಲದಿಂದ, ಮತ್ತು ಆ ಬಲವನ್ನು ಮೊದಲ ಗೇರೂ ಹಿಂದಿನ ಆಕ್ಸಲೂ ಸೇರಿ ಎಷ್ಟು ಪಟ್ಟು ಮಾಡುತ್ತವೆ ಎಂಬುದರಿಂದ. ಡ್ರೈವರುಗಳು ಇದನ್ನೇ ಪುಲ್ಲಿಂಗ್ ಎನ್ನುವುದು. ಕ್ಯಾಟಲಾಗಿನಲ್ಲಿ ಆ ಹೆಸರಿನ ಅಂಕಿ ಇರುವುದಿಲ್ಲ. ಕಸಾರಾ ಘಾಟಿಯಲ್ಲಿ ರಸ್ತೆಗಿಂತ ಮುಂಚೆ ಈ ಪಾಠ ಕಲಿತದ್ದು ರೈಲು. 1865ರಲ್ಲಿ ತೆರೆದ ಅಲ್ಲಿನ ಹಳಿಯ ಏರು 37ಕ್ಕೆ 1, ರೈಲಿನ ಮಟ್ಟಿಗೆ ಭಯಂಕರ ಕಡಿದು. ಹಿಂದಿನಿಂದ ತಳ್ಳಲು ಇನ್ನೊಂದು ಎಂಜಿನ್ ಸೇರಿಸುವುದೇ ಉಪಾಯವಾಯಿತು. 1930ರ ಹೊತ್ತಿಗೆ ಘಾಟಿಯ ನೆತ್ತಿಯ ಇಗತ್ಪುರಿಯವರೆಗೆ ವಿದ್ಯುತ್ ತಂತಿ ಬಂದಾಗ ಗೂಡ್ಸ್ ಗಾಡಿಗಳ ಮುಂದೆ ನಿಂತ, ಜನ ಖೇಕಡಾ, ಅಂದರೆ ಏಡಿ, ಎಂದು ಕರೆದ ಎಂಜಿನ್ ಹೆಸರಿಗೆ ತಕ್ಕಂತೆ ನಿಧಾನದ ಪ್ರಾಣಿ. ಓಟದಲ್ಲಿ ಸೋಲುವ, ನಿಂತಲ್ಲಿಂದಲೇ ಪೂರ್ತಿ ಸೆಳೆಯುವ ಯಂತ್ರ ಅದು. ಘಾಟಿಗೆ ಬೇಕಾದ ಗುಣ ಅದೊಂದೇ.

ರಸ್ತೆಯ ಮೇಲೆ ಮಾತ್ರ ಮೊದಲು ಬಂದದ್ದು ಓಟದ ಎಂಜಿನ್ನುಗಳು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಜೋಡಣೆ ಕಾರ್ಖಾನೆ ತೆರೆಯಿತು. ಫೋರ್ಡ್ ಕೂಡ ಅದೇ ಕಾಲಕ್ಕೆ ಆ ಊರಿನಲ್ಲಿತ್ತು. ಷೆವರ್ಲೆ, ಫೋರ್ಡ್ ಲಾರಿಗಳು ಪೆಟ್ರೋಲ್ ಕುಡಿಯುತ್ತ ಕಸಾರಾ ಘಾಟಿಯ ಆಗ್ರಾ ರಸ್ತೆ ಹತ್ತಿದವು. ಆಮೇಲೆ ಬಂದದ್ದು ಯುದ್ಧ. ನಾಸಿಕದ ಪಕ್ಕದ ದೇವಳಾಲಿ ದೊಡ್ಡ ಸೈನಿಕ ಶಿಬಿರ. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೇನೆಗೆ ಕೆನಡಾದಲ್ಲಿ ತಯಾರಾದ ಮಿಲಿಟರಿ ಲಾರಿಗಳು ರಾಶಿ ರಾಶಿಯಾಗಿ ಬಂದವು. ಮೂಗು ಚಪ್ಪಟೆ, ಸ್ಟಿಯರಿಂಗ್ ಬಲಕ್ಕೆ, ಒಳಗೆ ಒಂದೋ 85 ಅಶ್ವಶಕ್ತಿಯ ಆರು ಸಿಲಿಂಡರಿನ ಷೆವರ್ಲೆ, ಇಲ್ಲವೇ 95 ಅಶ್ವಶಕ್ತಿಯ ಎಂಟು ಸಿಲಿಂಡರಿನ ಫೋರ್ಡ್. ಇದೇ ವಂಶದ ಒಂದು ಬಗೆ ಫಿರಂಗಿ ಎಳೆಯುವುದಕ್ಕೆಂದೇ ಹುಟ್ಟಿದ್ದು. ವಿಭಜನೆಯ ನಂತರ ದೇವಳಾಲಿಯೇ ಫಿರಂಗಿ ದಳದ ವಿದ್ಯಾಲಯದ ಊರಾಯಿತು, ಎಳೆಯುವ ಗಾಡಿಗಳ ನಂಟು ಅಲ್ಲಿಗೆ ಇವತ್ತಿಗೂ ತಪ್ಪಿಲ್ಲ. ಯುದ್ಧ ಮುಗಿದ ಮೇಲೆ ಸರ್ಕಾರ ಹೆಚ್ಚುವರಿ ಗಾಡಿಗಳನ್ನು ಹರಾಜಿಗಿಟ್ಟಿತು. ಡಿಸ್ಪೋಸಲ್ ಮಾಲು ಎಂಬ ಮಾತು ನಮ್ಮ ಗ್ಯಾರೇಜುಗಳಿಗೆ ಬಂದದ್ದು ಆಗಲೇ. ನಾಲ್ಕೂ ಚಕ್ರಕ್ಕೆ ಬಲ ಹೋಗುವ, ಮುಂದೆ ವಿಂಚು ಇರುವ, ದಪ್ಪ ಷಾಸಿಯ ಗಾಡಿ ಅಗ್ಗಕ್ಕೆ ಸಿಕ್ಕಿದರೆ ಟೋಚನ್ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೇನು? ತೊಡಕು ಇದ್ದದ್ದು ಎಂಜಿನ್ನಿನಲ್ಲಿ. ಏರಿನಲ್ಲಿ ಎಳೆಯುವಾಗ ಅದು ಕುಡಿಯುತ್ತಿದ್ದ ಪೆಟ್ರೋಲಿನ ಲೆಕ್ಕ ಮಾಲೀಕನ ನಿದ್ದೆ ಕೆಡಿಸುವಂತಿತ್ತು.

ಬರಿಯ ಪೆಟ್ರೋಲಿನ ಖರ್ಚಾಗಿದ್ದರೆ ಬಹುಶಃ ಹಲವರು ಸಹಿಸಿಕೊಳ್ಳುತ್ತಿದ್ದರು. ನಿರ್ಣಾಯಕ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. 1953ರ ಸುಂಕ ಆಯೋಗದ ವರದಿಯ ಮೇಲೆ ಸರ್ಕಾರ ಒಂದು ನಿಯಮ ಮಾಡಿತು: ಇಲ್ಲೇ ತಯಾರಿಸುವ ಯೋಜನೆ ಇರುವ ಕಂಪನಿಗಳು ಇರಲಿ, ಬರಿಯ ಜೋಡಣೆ ಮಾಡುವವರು ಹೊರಡಲಿ. ಫೋರ್ಡ್ ಹೋಯಿತು, ಜನರಲ್ ಮೋಟಾರ್ಸ್ ಹೋಯಿತು. ಲಾರಿಗಳು ಮಾತ್ರ ಇಲ್ಲೇ ಉಳಿದವು. ಕಂಪನಿ ಊರು ಬಿಟ್ಟ ದಿನವೇ ಎಂಜಿನ್ ಕೆಡುವುದಿಲ್ಲ. ಪಿಸ್ಟನ್ ರಿಂಗು, ಬೇರಿಂಗು, ಹೆಡ್ ಗ್ಯಾಸ್ಕೆಟ್ಟು ದುಬಾರಿಯಾಗುತ್ತ, ಅಪರೂಪವಾಗುತ್ತ, ಒಂದು ದಿನ ಸಿಗದೇ ಹೋಗುತ್ತವೆ. ಹೀಗೆ ಬಿಡಿಭಾಗದ ಭೂಪಟದಿಂದ ಅಳಿಸಿಹೋದ ಎಂಜಿನ್ನಿನ ಜಾಗಕ್ಕೆ ಬಂದ ಹೆಸರುಗಳಲ್ಲಿ ದೊಡ್ಡದು ಪರ್ಕಿನ್ಸ್ ಪಿ6. ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಫ್ರಾಂಕ್ ಪರ್ಕಿನ್ಸ್ 1932ರಲ್ಲಿ ಕಂಪನಿ ಕಟ್ಟಿದ್ದೇ ಪೆಟ್ರೋಲ್ ಎಂಜಿನ್ ಇದ್ದ ಜಾಗದಲ್ಲಿ ಕೂರಬಲ್ಲ ಹಗುರ ಡೀಸೆಲ್ ಮಾಡುತ್ತೇನೆಂದು. ಮದರಾಸಿನ ಸಿಂಪ್ಸನ್ ಕಂಪನಿ, 1840ರಲ್ಲಿ ಸಾರೋಟು ಮಾಡಲು ಶುರುವಾದ ಮನೆ, 1950ರ ದಶಕದಲ್ಲಿ ಪಿ6ನ್ನು ಇಲ್ಲೇ ತಯಾರಿಸತೊಡಗಿತು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟುತ್ತಿದ್ದ ಡಾಜ್, ಫಾರ್ಗೋ ಲಾರಿಗಳಿಗೂ ಅದೇ ಎಂಜಿನ್ ಬಂತು. ಈಗ ಅಂಕಿಯನ್ನು ಗಮನಿಸಿ: ಪಿ6ನ ಶಕ್ತಿ ಸುಮಾರು 83. ತೆಗೆದು ಬಿಸಾಡಿದ ಫೋರ್ಡಿನದು 95. ಹೊಸ ಎಂಜಿನ್ ಹಳೆಯದಕ್ಕಿಂತ ದುರ್ಬಲ ಎಂದು ಕಾಗದ ಹೇಳುತ್ತಿತ್ತು. ಆದರೂ ಕೂರಿಸಿದರು, ಏಕೆಂದರೆ 4.73 ಲೀಟರಿನ ಆ ಡೀಸೆಲ್ ನಿಧಾನದಲ್ಲೇ ಗಟ್ಟಿಯಾಗಿ ತಿರುಚುತ್ತಿತ್ತು, ಮತ್ತು ಬಿಡಿಭಾಗ ಮದರಾಸಿನಿಂದ ರೈಲಿನಲ್ಲಿ ಬರುತ್ತಿತ್ತು.

ಎಂಜಿನ್ ಬದಲಿಸುವುದು ಹಲ್ಲು ಕಿತ್ತು ಹಲ್ಲು ಕಟ್ಟಿಸಿದಂತೆ ಅಲ್ಲ, ಮನೆಗೆ ಸೊಸೆ ಬಂದಂತೆ. ಅಡುಗೆಮನೆಯಿಂದ ಹಿತ್ತಲವರೆಗೆ ಎಲ್ಲವೂ ಸ್ವಲ್ಪ ಸ್ವಲ್ಪ ಬದಲಾಗಬೇಕು. ಮೊದಲನೆಯದು ಹೌಸಿಂಗ್. ಹೊಸ ಎಂಜಿನ್ನಿನ ಬೋಲ್ಟುಗಳ ವೃತ್ತ ಹಳೆ ಗೇರ್‌ಬಾಕ್ಸಿನ ವೃತ್ತಕ್ಕೆ ಕೂಡುವುದಿಲ್ಲ. ನಡುವೆ ದಪ್ಪ ಕಬ್ಬಿಣದ ಅಡಾಪ್ಟರ್ ಪ್ಲೇಟನ್ನು ಲೇತಿನಲ್ಲಿ ಕಡೆಯಬೇಕು. ಅದು ಕೂದಲೆಳೆ ಓರೆಯಾದರೂ ಪೈಲಟ್ ಬೇರಿಂಗ್ ಅರಚಿ ಗೇರಿನ ಶಾಫ್ಟು ಸವೆಯುತ್ತದೆ. ಎರಡನೆಯದು ತೂಕ. ಡೀಸೆಲ್ ಭಾರ; ಮುಂದಿನ ಪಾಟಾ ಸ್ಪ್ರಿಂಗು ಕುಗ್ಗುತ್ತದೆ, ಒಂದೆರಡು ಎಲೆ ಹೆಚ್ಚು ಹಾಕಬೇಕು. ಎಂಜಿನ್ ಎಣ್ಣೆಯ ಸಂಪು ಆಕ್ಸಲ್ಲಿಗೆ ತಾಗಿದರೆ ಅದನ್ನು ಕತ್ತರಿಸಿ ಬೆಸೆಯಬೇಕು. ಮಿಲಿಟರಿ ಲಾರಿಯ 6 ವೋಲ್ಟಿನ ಬ್ಯಾಟರಿಗೆ ಡೀಸೆಲ್ ಎಂಜಿನ್ನನ್ನು ಒಂದು ಸುತ್ತು ಹಾಕಿಸುವ ತಾಕತ್ತೂ ಇರುವುದಿಲ್ಲ. ವೈರಿಂಗ್ ಪೂರ್ತಿ 12ಕ್ಕೆ ತಿರುಗಬೇಕು. ಎಲ್ಲಕ್ಕಿಂತ ಅಪಾಯದ್ದು ಬ್ರೇಕು. ಪೆಟ್ರೋಲ್ ಎಂಜಿನ್ ಗಾಳಿಯನ್ನು ಸಣ್ಣ ಬಾಗಿಲಿನ ಮೂಲಕ ಹೀರುವಾಗ ಒಳಗೆ ನಿರ್ವಾತ ಉಂಟಾಗುತ್ತದೆ, ಆ ನಿರ್ವಾತವೇ ಡ್ರೈವರನ ಕಾಲಿಗೆ ಬ್ರೇಕಿನಲ್ಲಿ ನೆರವು ಕೊಡುತ್ತದೆ. ಡೀಸೆಲ್ ಗಾಳಿಯನ್ನು ಹೆಚ್ಚುಕಡಿಮೆ ತಡೆಯಿಲ್ಲದೆ ಹೀರುವ ಯಂತ್ರ, ನಿರ್ವಾತ ಸಾಲದು. ಅದಕ್ಕಾಗಿ ಎಂಜಿನ್ನಿನಿಂದಲೇ ತಿರುಗುವ ಬೇರೆ ಪಂಪು ಬೇಕು. ಇದನ್ನು ಮರೆತು ಎಂಜಿನ್ ಕೂರಿಸಿದರೆ ಏರಿನಲ್ಲಿ ಗಾಡಿ ಚೆನ್ನಾಗಿ ಎಳೆಯುತ್ತದೆ, ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಹಿಂದೆ ಸರಪಳಿಗೆ ಕಟ್ಟಿದ 15 ಟನ್ ಬೇರೆ. ಕೊನೆಗೆ ಹಿಂದಿನ ಆಕ್ಸಲ್ಲಿನ ಕ್ರೌನ್ ಪಿನಿಯನ್. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 3,000 ಸುತ್ತು ದಾಟಿ ತಿರುಗುತ್ತಿತ್ತು, ಪಿ6 2,400ಕ್ಕೆ ಸುಸ್ತು. ಹಳೆ ಆಕ್ಸಲ್ಲೇ ಇದ್ದರೆ ಬಯಲಿನಲ್ಲಿ ಗಾಡಿ ಆಮೆ. ಸರಕಿನ ಲಾರಿಗೆ ಇದು ದೋಷ; ಟೋಚನ್ ಗಾಡಿಗೆ ಬೇಕಾದದ್ದೇ ಇದು. ಒಂದೇ ಎಂಜಿನ್ ಒಂದು ಕೆಲಸಕ್ಕೆ ತಪ್ಪು ಆಯ್ಕೆ, ಇನ್ನೊಂದಕ್ಕೆ ಸರಿಯಾದ ಆಯ್ಕೆ ಆಗುವುದು ಹೀಗೆ.

1954ರಲ್ಲಿ ಡೈಮ್ಲರ್-ಬೆಂಜ್ ಜೊತೆಗೂಡಿ ಟಾಟಾ ಕಂಪನಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಕೆ ಶುರು ಮಾಡಿದ ಮೇಲೆ ಭೂಪಟ ಮತ್ತೆ ಬದಲಾಯಿತು. 15 ವರ್ಷದ ಒಪ್ಪಂದ 1969ರಲ್ಲಿ ಮುಗಿದು ಮೂತಿಯ ಮೇಲಿನ ನಕ್ಷತ್ರ ಹೋಗಿ ಟಾಟಾ ಅಕ್ಷರ ಬಂದರೂ ಎಂಜಿನ್ನಿನ ವಂಶ ಮುಂದುವರಿಯಿತು. ಈ ಎಂಜಿನ್ನುಗಳ ಹೆಸರಿಡುವ ಕ್ರಮವೇ ಗ್ಯಾರೇಜಿನ ಪಾಠಶಾಲೆ. 692 ಎಂದರೆ ಆರು ಸಿಲಿಂಡರು, ಒಂದೊಂದರ ಬೋರು 92 ಮಿಲಿಮೀಟರ್. 697 ಎಂದರೆ ಆರು ಸಿಲಿಂಡರು, ಬೋರು 97. 497 ಎಂದರೆ ಅದೇ 97ರ ಬೋರು, ನಾಲ್ಕು ಸಿಲಿಂಡರು. ಇಂಗ್ಲಿಷ್ ಓದಲು ಬಾರದ ಮೆಕ್ಯಾನಿಕನೂ ಹೆಸರು ಕೇಳಿದ ಕೂಡಲೇ ಯಾವ ಪಿಸ್ಟನ್ ತರಿಸಬೇಕೆಂದು ಹೇಳಬಲ್ಲ. 128 ಮಿಲಿಮೀಟರ್ ಸ್ಟ್ರೋಕಿನ 697 ಮತ್ತು 497 ಒಂದೇ ಅಚ್ಚಿನ ಅಣ್ಣ ತಮ್ಮ. 5,675 ಸಿಸಿ ಅಣ್ಣ, 3,783 ಸಿಸಿ ತಮ್ಮ. ಡೀಸೆಲ್ ಎಂಜಿನ್ನಿನ ಹೃದಯ ಪಂಪು ಮತ್ತು ನಾಝಲ್. ಇಲ್ಲಿ ನಮ್ಮೂರಿನ ಹೆಸರು ಬರುತ್ತದೆ. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯಾದ ಮೈಕೋ ಪಂಪುಗಳನ್ನು ತಯಾರಿಸಿತು. 1970ರ ದಶಕದ ಆರಂಭದ ಹೊತ್ತಿಗೆ ಅದರ ಎರಡನೇ ಕಾರ್ಖಾನೆ ನಾಸಿಕದಲ್ಲಿತ್ತು, ಅಲ್ಲಿ ಆಗುತ್ತಿದ್ದದ್ದು ನಾಝಲ್ ಮತ್ತು ಇಂಜೆಕ್ಟರು. ಕಸಾರಾ ಘಾಟಿಯಲ್ಲಿ ಹೊಗೆ ಕಾರುತ್ತ ನಿಂತ ಲಾರಿಯ ಹೊಗೆಗೆ ಮದ್ದು ಘಾಟಿ ಹತ್ತಿದ ಮೇಲೆ ಸಿಗುವ ದೊಡ್ಡ ಊರಿನಲ್ಲೇ ತಯಾರಾಗುತ್ತಿತ್ತು. ಹಳೆ ಷಾಸಿಗೆ 692 ಅಥವಾ 697ನ್ನು ಆರಿಸಿದವನು ಜರ್ಮನ್ ಕೌಶಲಕ್ಕೆ ಮರುಳಾಗಲಿಲ್ಲ, ನಾಸಿಕದಿಂದ ಬೆಂಗಳೂರಿನವರೆಗೆ ಹೆದ್ದಾರಿಯ ಪ್ರತಿ ಊರಿನಲ್ಲೂ ಪಂಪು ಬಿಚ್ಚಿ ಕ್ಯಾಲಿಬ್ರೇಷನ್ ಮಾಡಬಲ್ಲ ಅಂಗಡಿ ಇರುವುದನ್ನು ನೋಡಿ ಆರಿಸಿದ.

ಮರಾಠವಾಡಾದ ಚರಿತ್ರೆ ಬೇರೆ ದಾರಿಯಲ್ಲಿ ಬಂದು ಇದೇ ತೀರ್ಮಾನಕ್ಕೆ ಮುಟ್ಟುತ್ತದೆ, ಮತ್ತು ಅದರಲ್ಲಿ ಕನ್ನಡ ನಾಡಿಗೂ ಪಾಲಿದೆ. ಸಂಭಾಜಿನಗರ, ಅಂದರೆ ಆಗಿನ ಔರಂಗಾಬಾದ್, ನಿಜಾಮನ ಸಂಸ್ಥಾನದಲ್ಲಿತ್ತು, ಕಲಬುರಗಿ, ಬೀದರ, ರಾಯಚೂರುಗಳಂತೆಯೇ. 1932ರಲ್ಲಿ ನಿಜಾಮನ ರೈಲ್ವೆಯ ಕೆಳಗೆ 27 ಬಸ್ಸುಗಳಿಂದ ಶುರುವಾದ ರಸ್ತೆ ಸಾರಿಗೆಯ ಬಸ್ಸುಗಳು ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯವು. 1956ರಲ್ಲಿ ಸಂಸ್ಥಾನದ ನೆಲ ಮೂರು ಪಾಲಾಯಿತು. ಡಿಪೋ, ಬಸ್ಸು, ನೌಕರರ ಸಮೇತ ಸಾರಿಗೆಯೂ ಹಂಚಿಹೋಯಿತು. 1961ರ ಜುಲೈನಲ್ಲಿ ಮರಾಠವಾಡಾದ ಸಾರಿಗೆ ಮಹಾರಾಷ್ಟ್ರದ ನಿಗಮದಲ್ಲಿ ಸೇರಿತು, ಆಗಸ್ಟ್ 1ಕ್ಕೆ ಮೈಸೂರು ರಾಜ್ಯದ ನಿಗಮ ಹುಟ್ಟಿತು. ಎರಡರ ಇಂಗ್ಲಿಷ್ ಮೊದಲಕ್ಷರಗಳೂ ಒಂದೇ, ಎಂಎಸ್ಆರ್‌ಟಿಸಿ. ಆಗಿನ ಟಪಾಲಿನವರ ಪಾಡು ದೇವರಿಗೇ ಪ್ರೀತಿ. ಔರಂಗಾಬಾದಿನ ಚಿಕಲ್‌ಠಾಣಾದಲ್ಲಿ ಮಹಾರಾಷ್ಟ್ರ ನಿಗಮದ ಒಂದು ಕೇಂದ್ರ ವರ್ಕ್‌ಶಾಪು ನೆಲೆಯಾಯಿತು. ದೊಡ್ಡ ಸಾರಿಗೆ ನಿಗಮಗಳು ಎಂಜಿನ್ ವಿಷಯದಲ್ಲಿ ಒಂದು ಸೂತ್ರ ಪಾಲಿಸಿದವು: ಕೆಟ್ಟ ಎಂಜಿನ್ನನ್ನು ಬಸ್ಸಿನಲ್ಲೇ ರಿಪೇರಿ ಮಾಡುತ್ತ ಕೂರಬೇಡ, ಇಳಿಸಿ, ಸಿದ್ಧವಾಗಿರುವ ಅದೇ ಜಾತಿಯ ಇನ್ನೊಂದನ್ನು ಏರಿಸಿ ಬಸ್ಸನ್ನು ರಸ್ತೆಗೆ ಬಿಡು, ಇಳಿಸಿದ್ದು ನಿಧಾನವಾಗಿ ಬೋರ್ ಹೊಡೆಸಿಕೊಂಡು ಸರದಿಗೆ ಬರಲಿ. ಈ ಸೂತ್ರ ನಡೆಯುವುದು ಎಂಜಿನ್ ಜಾತಿಗಳು ಎರಡೋ ಮೂರೋ ಇದ್ದಾಗ ಮಾತ್ರ. ಹತ್ತು ಜಾತಿಯಾದರೆ ಪ್ರತಿಯೊಂದಕ್ಕೂ ಒಂದೊಂದು ಬಿಡಿ ಎಂಜಿನ್ ಇಡಬೇಕು, ಗೋದಾಮು ತುಂಬುತ್ತದೆ, ಬಸ್ಸು ನಿಲ್ಲುತ್ತದೆ. ಡಿಪೋದ ಬ್ರೇಕ್‌ಡೌನ್ ವ್ಯಾನಿಗೆ ಉಳಿದ ಬಸ್ಸುಗಳದೇ ಎಂಜಿನ್ ಇದ್ದರೆ ಆದ ಲಾಭ ಯಾವ ಅಶ್ವಶಕ್ತಿಯಿಂದಲೂ ಬರುವುದಿಲ್ಲ: ಕೆಟ್ಟದ್ದನ್ನು ತರಲು ಹೋದ ಗಾಡಿಯೇ ಕೆಟ್ಟರೆ, ಕೆಟ್ಟ ಬಸ್ಸಿನಿಂದಲೇ ಒಂದು ಪೈಪು ಕಿತ್ತು ಹಾಕಿಕೊಂಡು ಬರಬಹುದು.

ಇಷ್ಟಾದರೂ ಭೂಪಟವನ್ನು ಕುರುಡಾಗಿ ನಂಬಬಾರದು. ಕಸಾರಾ ಘಾಟಿಯ ನೆತ್ತಿಯ ಮೇಲೇ ಇದಕ್ಕೆ ಉದಾಹರಣೆ ಇದೆ. ಮಹೀಂದ್ರ ಕಂಪನಿ 1979ರಲ್ಲಿ ಫ್ರಾನ್ಸಿನ ಪೂಜೋ ಜೊತೆ ಒಪ್ಪಂದ ಮಾಡಿಕೊಂಡು ಎಕ್ಸ್‌ಡಿಪಿ 4.90 ಎಂಬ ಡೀಸೆಲ್ ಎಂಜಿನ್ನನ್ನು ಇಗತ್ಪುರಿಯಲ್ಲಿ ತಯಾರಿಸತೊಡಗಿತು. ಇಲ್ಲೂ ಹೆಸರೇ ಅಳತೆ: ನಾಲ್ಕು ಸಿಲಿಂಡರು, 90 ಮಿಲಿಮೀಟರ್ ಬೋರು, ಒಟ್ಟು 2,112 ಸಿಸಿ. ಅಮೆರಿಕದ ವಿಲ್ಲೀಸ್ ವಂಶದ ಪೆಟ್ರೋಲ್ ಎಂಜಿನ್ ಹೊತ್ತ ಹಳೆ ಜೀಪುಗಳಿಗೆ ಇದು ವರವಾಯಿತು. ನಮ್ಮ ಕೊಡಗು, ಮಲೆನಾಡಿನ ತೋಟಗಳಲ್ಲಿ ಟ್ರೇಲರ್ ಎಳೆಯುತ್ತಿದ್ದ ಜೀಪುಗಳಿಗೂ ಡೀಸೆಲ್ ಹೃದಯ ಬಂದದ್ದು ಇಂಥ ಎಂಜಿನ್ನುಗಳ ಕಾಲದಲ್ಲಿ. ಆದರೆ ಇಗತ್ಪುರಿಯಲ್ಲೇ ಹುಟ್ಟಿತೆಂದು ಕಸಾರಾ ಘಾಟಿಯ ಲಾರಿ ಎಳೆಯುವ ಗಾಡಿಗೆ ಇದನ್ನು ಕೂರಿಸಲಾದೀತೇ? ಕಾರಿಗೆಂದು ಹುಟ್ಟಿದ ವಂಶ ಅದು. ಬಲ ಬರಬೇಕಾದರೆ ಜೋರಾಗಿ ತಿರುಗಬೇಕು. ಲಾರಿ ಎಳೆಸಿದರೆ ಕ್ಲಚ್ ಪ್ಲೇಟು ಸುಡುತ್ತದೆ, ಹೆಡ್ಡು ಕಾಯುತ್ತದೆ. ಸಂಭಾಜಿನಗರದಲ್ಲೂ ಹೀಗೇ. ಅಲ್ಲಿನ ಗ್ರೀವ್ಸ್ ಕಾರ್ಖಾನೆಯಲ್ಲಿ ತಯಾರಾದದ್ದು ಮೂರು ಚಕ್ರದ ಗಾಡಿಗಳ ಸಣ್ಣ ಡೀಸೆಲ್; ಈಚೆಗೆ ಶೇಂದ್ರಾದಲ್ಲಿ ಪರ್ಕಿನ್ಸ್ ಹೆಸರಿನ ಕಾರ್ಖಾನೆಯೇ ಬಂದಿದೆ, ಅಲ್ಲಿನದು ಜನರೇಟರಿಗೆ ಹಾಕುವ ಆನೆಗಾತ್ರದ ಎಂಜಿನ್. ಒಂದು ಇರುವೆ, ಒಂದು ಆನೆ. ಲಾರಿಗೆ ಎರಡೂ ಅಲ್ಲ. ಆದ್ದರಿಂದ ನನ್ನ ವಾದವನ್ನು ಇಷ್ಟು ತಿದ್ದಿಕೊಳ್ಳುತ್ತೇನೆ: ಎಳೆತದ ಲೆಕ್ಕ ಮೊದಲು ಅನರ್ಹರನ್ನು ಹೊರಗಿಡುತ್ತದೆ, ಉಳಿದ ಅರ್ಹರಲ್ಲಿ ಯಾರೆಂದು ತೀರ್ಮಾನಿಸುವುದು ಭೂಪಟ.

ಇದಕ್ಕೆ ಬರುವ ಮೊದಲ ಆಕ್ಷೇಪ ಇತಿಹಾಸದ್ದೇ. ಇದೆಲ್ಲ ಲೈಸೆನ್ಸ್ ರಾಜ್ಯದ ಬಲವಂತ, ಆಯ್ಕೆಯೇ ಇಲ್ಲದವನ ವಿವೇಕವನ್ನು ಹೊಗಳುವುದು ಉಪವಾಸವಿದ್ದವನ ಪಥ್ಯವನ್ನು ಹೊಗಳಿದಂತೆ, ಎನ್ನುತ್ತಾರೆ. ಮಾತಿನಲ್ಲಿ ಅರ್ಧ ಸತ್ಯವಿದೆ. 1953ರ ನೀತಿಯಿಂದಲೇ ಫೋರ್ಡ್ ಎಂಜಿನ್ ಅನಾಥವಾದದ್ದು, ಪರ್ಕಿನ್ಸ್, ಟಾಟಾ, ಲೇಲ್ಯಾಂಡ್‌ನಂಥ ಕೆಲವೇ ಆಯ್ಕೆ ಇದ್ದದ್ದು ನಿಜ. ಆದರೆ 1980ರ ದಶಕದಲ್ಲೇ ಅಶೋಕ್ ಲೇಲ್ಯಾಂಡ್ ನಮ್ಮ ಗಡಿಯ ಹೊಸೂರಿನಲ್ಲಿ ಜಪಾನಿನ ಹಿನೋ ಎಂಜಿನ್ ತಂತ್ರಜ್ಞಾನ ತಂದಿತ್ತು, 1991ರ ನಂತರ ಬಾಗಿಲು ಪೂರ್ತಿ ತೆರೆಯಿತು. ಬಲವಂತವೇ ಕಾರಣವಾಗಿದ್ದರೆ ಬಾಗಿಲು ತೆರೆದ ಮೇಲೆ ಟೋಚನ್ ಗಾಡಿಗಳು ಹೊಸ ಎಂಜಿನ್ನುಗಳತ್ತ ಓಡಬೇಕಿತ್ತು. ಹೆದ್ದಾರಿಯ ಬದಿಯಲ್ಲಿ ಕ್ರೇನು ಹೊತ್ತು ನಿಂತ ಗಾಡಿಗಳ ಮೂತಿ ನೋಡಿದರೆ ಹಳೆ ಟಾಟಾ 1210ರ ಗುಂಡು ಮುಖ ಇವತ್ತಿಗೂ ಕಾಣುತ್ತದೆ. ಆಯ್ಕೆ ಸಿಕ್ಕಾಗಲೂ ಅದನ್ನೇ ಉಳಿಸಿಕೊಂಡರೆ ಅದನ್ನು ಬಲವಂತ ಎನ್ನಲಾಗದು.

ಎರಡನೆಯ ಆಕ್ಷೇಪ ಶಕ್ತಿಯದು, ಮತ್ತು ಇದು ಹೆಚ್ಚು ತೂಕದ್ದು. ಲಾರಿಗಳು ಬದಲಾಗಿವೆ, 15 ಟನ್ ಇದ್ದದ್ದು ಬಹಳ ಚಕ್ರಗಳ 40, 50 ಟನ್ ಆಗಿದೆ, ಹಳೆ 697 ಏನು ಮಾಡೀತು, ಟರ್ಬೋ ಇರುವ ದೊಡ್ಡ ಎಂಜಿನ್ ಹಾಕಬಾರದೇಕೆ? ಹಾಕಬಹುದು, ಆದರೆ ಸರಪಳಿ ತುಂಡಾಗುವುದು ಅದರ ದುರ್ಬಲ ಕೊಂಡಿಯಲ್ಲಿ. ಎಂಜಿನ್ನಿನ ತಿರುಚುಬಲ ಒಂದೂವರೆ ಪಟ್ಟಾದರೆ ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಆಕ್ಸಲ್ ಶಾಫ್ಟು, ಎಲ್ಲಕ್ಕೂ ಆ ಹೊರೆ ಹೋಗುತ್ತದೆ. ಅವೆಲ್ಲ ಹಳೆ ಎಂಜಿನ್ನಿನ ಅಳತೆಗೆ ತಕ್ಕವು. ಮುಂದಿನ ವಾರ ಕ್ಲಚ್ಚು, ಮುಂದಿನ ತಿಂಗಳು ಗೇರ್‌ಬಾಕ್ಸು, ಮಳೆಗಾಲ ಮುಗಿಯುವುದರೊಳಗೆ ಆಕ್ಸಲ್ಲು ಎಂದು ಬದಲಿಸುತ್ತ ಹೋದರೆ ಕೊನೆಗೆ ಹಳೆ ಲಾರಿಯದೆಂದು ಉಳಿಯುವುದು ನಂಬರ್ ಪ್ಲೇಟು ಮಾತ್ರ. ಅದಕ್ಕಿಂತ ದೊಡ್ಡ ಲಾರಿಯ ಷಾಸಿಯನ್ನೇ ಕೊಳ್ಳುವುದು ಅಗ್ಗ. ರೇಡಿಯೇಟರಿನ ಮಾತು ಬೇರೆಯೇ ಇದೆ: ಟೋಚನ್ ಗಾಡಿ ನಡಿಗೆಯ ವೇಗದಲ್ಲಿ ಪೂರ್ತಿ ಬಲ ಹಾಕುವುದರಿಂದ ಎದುರುಗಾಳಿಯ ತಂಪು ಅದಕ್ಕೆ ಸಿಗುವುದಿಲ್ಲ. ಹೆದ್ದಾರಿಯ ಓಟಕ್ಕೆ ಹೊಂದಿಸಿದ ಎಂಜಿನ್ ಕನ್ನಡ್ ಘಾಟಿಯ ಮೇ ತಿಂಗಳಲ್ಲಿ ಕುದಿಯುತ್ತದೆ. ಹಳೆ ಷಾಸಿಗೆ ಹಳೆ ಬಲ, ದೊಡ್ಡ ಲಾರಿಗೆ ದೊಡ್ಡ ಟೋಚನ್ ಗಾಡಿ. ಈ ಎರಡನ್ನು ಕಲಸಬಾರದು.

ಮೂರನೆಯದು ಹೊಗೆ ಮತ್ತು ಕಾನೂನು. ಇಲ್ಲಿ ಗ್ಯಾರೇಜಿನ ಪರವಾಗಿ ಪೂರ್ತಿ ವಕಾಲತ್ತು ಮಾಡಲಾರೆ. ಹಳೆ ಪಂಪಿನ ಎಂಜಿನ್ ಏರಿನಲ್ಲಿ ಉಗುಳುವ ಕಪ್ಪು ಹೊಗೆ ಹಿಂದಿನ ಬಸ್ಸಿನ ಕಿಟಕಿಯಲ್ಲಿ ಕೂತ ಮಗುವಿನ ಎದೆಗೆ ಹೋಗುತ್ತದೆ. ಬಿಡಿಭಾಗ ಸುಲಭವಾಗಿ ಸಿಗುತ್ತದೆ ಎಂಬುದು ಅದಕ್ಕೆ ಉತ್ತರವಲ್ಲ. ಆದರೆ ಹೊಸ ಎಂಜಿನ್ ತಂದು ಕೂರಿಸುವುದೂ ಉತ್ತರವಲ್ಲ. 2020ರ ಏಪ್ರಿಲ್ 1ರಿಂದ ಬಂದ ಭಾರತ್ ಸ್ಟೇಜ್ 6ರ ಎಂಜಿನ್ ಬರಿಯ ಕಬ್ಬಿಣದ ಗಡ್ಡೆಯಲ್ಲ. ಕಂಪ್ಯೂಟರು, ಸಂವೇದಕಗಳು, ಹೊಗೆ ತೊಳೆಯುವ ಡಬ್ಬಿ ಎಲ್ಲ ಸೇರಿ ಒಂದು ಸಂಸಾರ. ಎಂಜಿನ್ ಒಂದನ್ನೇ ಕಿತ್ತು ಹಳೆ ಷಾಸಿಗೆ ಹಾಕಿದರೆ ಹೊಗೆ ತೊಳೆಯುವ ಭಾಗ ಹೊರಗೇ ಉಳಿಯುತ್ತದೆ. ಕಾನೂನಂತೂ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಲ್ಲಿ ಸ್ಪಷ್ಟ: ನೋಂದಣಿಯಲ್ಲಿ ಬರೆದ ವಿವರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ತಯಾರಕರು ಕೊಟ್ಟ ಮೂಲ ವಿವರವನ್ನು ಮೀರಬಾರದು ಎಂಬ ಈ ನಿಲುವನ್ನೇ ಎತ್ತಿಹಿಡಿಯಿತು. ಪೆಟ್ರೋಲ್ ಷಾಸಿಗೆ ಪಿ6 ಕೂರಿಸಿದ ಅಜ್ಜಂದಿರ ಸ್ವಾತಂತ್ರ್ಯ ಇವತ್ತಿನ ಮೊಮ್ಮಗನಿಗಿಲ್ಲ. ಸ್ವಾರಸ್ಯವೆಂದರೆ ಅದೇ ಕಲಮು ಒಂದು ಕಿಂಡಿ ಬಿಟ್ಟಿದೆ: 10ಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನಗಳಿರುವ ಮಾಲೀಕರಿಗೆ, ಅದೇ ತಯಾರಕರ ಅದೇ ಬಗೆಯ ಎಂಜಿನ್ನನ್ನು ಪೂರ್ವಾನುಮತಿಯಿಲ್ಲದೆ ಬದಲಿಸಿಕೊಳ್ಳುವ ಅಧಿಕಾರವನ್ನು ರಾಜ್ಯ ಸರ್ಕಾರ ಕೊಡಬಹುದು. ಅದೇ ತಯಾರಕ, ಅದೇ ಬಗೆ. ಡಿಪೋಗಳ ಸೂತ್ರವನ್ನೇ ಕಾನೂನು ತನ್ನ ಭಾಷೆಯಲ್ಲಿ ಬರೆದುಕೊಂಡಂತಿದೆ.

ಘಾಟಿಗಳೂ ಸುಮ್ಮನೆ ಕೂತಿಲ್ಲ. 2023ರಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠದ ಆದೇಶದ ಮೇಲೆ ಕನ್ನಡ್ ಘಾಟಿಯಲ್ಲಿ ಭಾರಿ ವಾಹನಗಳ ಓಡಾಟಕ್ಕೆ ತಡೆ ಬಿತ್ತು. ಲಾರಿಗಳು ಸುತ್ತುದಾರಿ ಹಿಡಿದವು, ಟೋಚನ್ ಗಾಡಿಗಳೂ ಅವುಗಳ ಹಿಂದೆ. ದಾರಿ ಬದಲಾದರೂ ಲೆಕ್ಕ ಅದೇ. ಹಳೆ ಗಾಡಿಗೆ ಎಂಜಿನ್ ಹುಡುಕುತ್ತಿರುವವರು ಅಶ್ವಶಕ್ತಿಯ ಅಂಕಿ ಕೇಳುವ ಮೊದಲು ಆರ್‌ಸಿ ಪುಸ್ತಕ ತೆರೆದು ಎಂಜಿನ್ನಿನ ಬಗೆ ಓದಲಿ, ಅದೇ ಬಗೆಯ ಬೋರ್ ಹೊಡೆಸಿದ ಎಂಜಿನ್ ಹತ್ತಿರದ ಊರಿನಲ್ಲಿದೆಯೇ ವಿಚಾರಿಸಲಿ, ಪಂಪನ್ನು ಕ್ಯಾಲಿಬ್ರೇಷನ್ ಬೆಂಚಿನ ಮೇಲೆ ಕಣ್ಣಾರೆ ನೋಡಿ ಒಪ್ಪಿಕೊಳ್ಳಲಿ. ಫಿಟ್ನೆಸ್ಸಿಗೆ ನಿಲ್ಲಲಾರದ ಗಾಡಿಯಾದರೆ ಯಾವ ಎಂಜಿನ್ನೂ ಬೇಡ, ಗುಜರಿಗೆ ಕೊಡಲಿ. ಪೂರ್ವಾನುಮತಿ ಇಲ್ಲದೆ ಎಂಜಿನ್ ಬದಲಾಗಿದ್ದರೆ ಅದನ್ನು ನೋಂದಣಿ ಕಚೇರಿಗೆ ವರದಿ ಮಾಡಲು ಕಾಯಿದೆ ಕೊಟ್ಟಿರುವ ಗಡುವು 14 ದಿನ.